ಮರಿಕುದುರೆಗೆ ನೆಲದ ಪಾಠ: ಬೆನ್ನೇರುವ ಮುನ್ನ ಕಲಿಸಬೇಕಾದದ್ದು

ಹಗ್ಗ ಎಳೆಯುವಾಗ ಕುದುರೆ ಏನನ್ನೂ ಕಲಿಯುವುದಿಲ್ಲ. ಎಳೆದ ಹಗ್ಗ ಸಡಿಲವಾಗುವ ಗಳಿಗೆಯಲ್ಲಿ ಕಲಿಯುತ್ತದೆ. ತಾನು ಏನು ಮಾಡಿದ್ದಕ್ಕೆ ಆ ಒತ್ತಡ ಹೋಯಿತೆಂದು ಅದು ಗುರುತಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅದನ್ನೇ ಮಾಡಿ ನೋಡುತ್ತದೆ. ಎಳೆಯ ಕುದುರೆಗೆ ನೆಲದ ಮೇಲೆ ನಿಂತು ಕಲಿಸುವ ಎಲ್ಲ ಪಾಠಗಳ ಬೇರು ಇಲ್ಲಿದೆ. ಹಾಲ್ಟರ್, ಅಂದರೆ ಹಗ್ಗ ಸಿಕ್ಕಿಸಲು ತಲೆಗೆ ಹಾಕುವ ಪಟ್ಟಿ, ತೊಡಿಸುವುದಿರಲಿ, ಗೊರಸು ಎತ್ತಿಸುವುದಿರಲಿ, ಕಂಬಕ್ಕೆ ಕಟ್ಟುವುದಿರಲಿ, ಕಲಿಸುವವರ ಕೈ ಯಾವಾಗ ಬಿಡುತ್ತದೆ ಎಂಬುದರ ಮೇಲೆಯೇ ಕಲಿಕೆ ನಿಂತಿದೆ. ಬಿಡುವುದು ಎರಡು ಮೂರು ಸೆಕೆಂಡು ತಡವಾದರೂ ಕುದುರೆ ಕಲಿಯುವುದು ಬೇರೆಯದನ್ನೇ.

ಸವಾರಿಗೆ ಮೊದಲಿನ ಈ ಕೆಲಸವನ್ನು ಗ್ರೌಂಡ್‌ವರ್ಕ್ ಎನ್ನುತ್ತಾರೆ. ನಾನು ನೆಲದ ಪಾಠ ಎನ್ನುತ್ತೇನೆ. ಇದನ್ನು ಹಾರಿಸಿ ನೇರವಾಗಿ ಜೀನು ಬಿಗಿಯುವವರಿದ್ದಾರೆ. ಅಂಥ ಕುದುರೆಗಳು ಮುಂದೆ ಲಾಳ ಕಟ್ಟುವವರನ್ನು ಒದೆಯುತ್ತವೆ, ವಾಹನ ಹತ್ತಲು ಒಪ್ಪುವುದಿಲ್ಲ, ಪಶುವೈದ್ಯರು ಸೂಜಿ ತೆಗೆದರೆ ಮುಂಗಾಲೆತ್ತಿ ನಿಲ್ಲುತ್ತವೆ. ಆಮೇಲೆ ಅವಕ್ಕೆ ಪೋಕರಿ ಎಂಬ ಹೆಸರು ಬೀಳುತ್ತದೆ. ಹೆಸರು ಬಿದ್ದ ಕುದುರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಹೋಗುತ್ತದೆ. ಇದಕ್ಕಿಂತ ನನ್ನನ್ನು ನೋಯಿಸುವ ಸಂಗತಿ ಮತ್ತೊಂದಿಲ್ಲ. ಪಾಪ, ಅದಕ್ಕೆ ಯಾರೂ ಕಲಿಸಿರಲೇ ಇಲ್ಲ.

ಶುರು ಮಾಡುವ ಮೊದಲು

ಮೈ ಮುಟ್ಟಿಸಿಕೊಳ್ಳುವುದು, ಹಾಲ್ಟರ್ ತೊಡುವುದು, ಗೊರಸು ಕೊಡುವುದು, ಇಷ್ಟನ್ನು ತಾಯಿಯ ಜೊತೆಗಿರುವ ಮರಿಗೂ ನಿಧಾನವಾಗಿ ಕಲಿಸಬಹುದು. ಆದರೆ ಇಲ್ಲಿ ನಾನು ಹೇಳುವುದು ಮುಖ್ಯವಾಗಿ 1ರಿಂದ 3 ವರ್ಷದ, ಮನುಷ್ಯರ ಕೈ ಹೆಚ್ಚು ತಾಗದ ಕುದುರೆಯ ಬಗ್ಗೆ. ಕಣ್ಣಿಗೆ ಬೆಳೆದಂತೆ ಕಂಡರೂ ಅದರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಮುಂಗಾಲಿನ ಮಂಡಿಯ ಮೇಲಿರುವ ಬೆಳವಣಿಗೆಯ ಪದರ ಗಟ್ಟಿಯಾಗಲು ಸುಮಾರು 2ರಿಂದ 2.5 ವರ್ಷ ಬೇಕು. ಬೆನ್ನುಮೂಳೆ ಪೂರ್ತಿ ಗಟ್ಟಿಯಾಗುವ ಹೊತ್ತಿಗೆ 5 ವರ್ಷ ದಾಟಿರುತ್ತದೆ. ಹೀಗಾಗಿ ಸಣ್ಣ ಸುತ್ತಿನಲ್ಲಿ ಓಡಿಸುವುದು, ಥಟ್ಟನೆ ತಿರುಗಿಸುವುದು, ಕುತ್ತಿಗೆ ಜಗ್ಗುವುದು ಈ ವಯಸ್ಸಿಗೆ ಸಲ್ಲದು.

ಮೊದಲ ಪಾಠಕ್ಕೆ ಮುನ್ನ ಪಶುವೈದ್ಯರಿಂದ ಒಮ್ಮೆ ನೋಡಿಸಿ. ಧನುರ್ವಾಯುವಿನ ಲಸಿಕೆ ಆಗಿದೆಯೇ, ಕಾಲಲ್ಲಿ ನೋವಿದೆಯೇ, ಹಲ್ಲು ಹೇಗಿದೆ ಎಂದು ತಿಳಿಯಲೇಬೇಕು. ಕುದುರೆಯ ಮುಂದಿನ ಹಾಲುಹಲ್ಲುಗಳು ಸುಮಾರು 2.5 ವರ್ಷದಿಂದ 4.5 ವರ್ಷದೊಳಗೆ ಜೋಡಿ ಜೋಡಿಯಾಗಿ ಬಿದ್ದು ಹೊಸವು ಬರುತ್ತವೆ. ಆ ದಿನಗಳಲ್ಲಿ ಬಾಯಿ, ದವಡೆ ನೋಯುತ್ತಿದ್ದರೆ ತಲೆ ಮುಟ್ಟಗೊಡದಿರುವುದು ಹಠವಲ್ಲ. ನೋವಿರುವ ಪ್ರಾಣಿಗೆ ಪಾಠ ಮಾಡಲು ಹೋಗಬೇಡಿ.

ಹಸಿದ ಕುದುರೆಗೂ ಕಲಿಸಬೇಡಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸ್ರವಿಸುತ್ತಲೇ ಇರುತ್ತದೆ, ಹುಲ್ಲು ಅಗಿಯುವಾಗ ಬರುವ ಜೊಲ್ಲು ಅದನ್ನು ತಣಿಸುತ್ತದೆ. ಅರ್ಧ ಗಂಟೆ ಹುಲ್ಲು ಮೆಂದು ಬಂದ ಕುದುರೆ ಬೇರೆಯೇ ಕುದುರೆ.

ಜಾಗ ಬೇಲಿ ಇರುವಂಥದ್ದಾಗಿರಲಿ, ನೆಲ ಜಾರದಿರಲಿ, ಬೇಲಿಯಲ್ಲಿ ಮುಳ್ಳುತಂತಿ ಬೇಡವೇ ಬೇಡ. 15ರಿಂದ 20 ಮೀಟರ್ ಅಗಲದ ಅಂಗಳ ಸಾಕು. ಇನ್ನೊಂದು ಶಾಂತ ಕುದುರೆ ಕಣ್ಣಳತೆಯಲ್ಲಿದ್ದರೆ ಒಳ್ಳೆಯದು. ಕುದುರೆ ಗುಂಪಿನ ಪ್ರಾಣಿ, ಒಂಟಿತನವೇ ಅದಕ್ಕೆ ಮೊದಲ ಭಯ.

ಸಾಮಾನು ಹೆಚ್ಚು ಬೇಕಿಲ್ಲ. ಸರಿಯಾಗಿ ಕೂರುವ ಒಂದು ಹಾಲ್ಟರ್, 3.5ರಿಂದ 4 ಮೀಟರ್ ಉದ್ದದ ಮೆತ್ತನೆಯ ಹತ್ತಿ ಹಗ್ಗ, ತೋಳಿನ ಎರಡು ಪಟ್ಟು ಉದ್ದದ ಒಂದು ಕೋಲು, ನಿಮಗೆ ಹೆಲ್ಮೆಟ್, ಕೈಗವಸು, ಬೆರಳು ಮುಚ್ಚುವ ಗಟ್ಟಿ ಬೂಟು. ಕೋಲು ಹೊಡೆಯಲು ಅಲ್ಲ. ನಿಮ್ಮ ಕೈಯನ್ನು ಉದ್ದ ಮಾಡಲು. ಹಗ್ಗವನ್ನು ಎಂದಿಗೂ ಅಂಗೈಗೆ ಸುತ್ತಿಕೊಳ್ಳಬೇಡಿ. ಕುದುರೆ ಬೆದರಿ ಓಡಿದರೆ ಸುತ್ತು ಬಿಗಿದು ಬೆರಳು ಹೋಗುತ್ತವೆ. ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ, ಬಿಟ್ಟರೆ ಸರಾಗವಾಗಿ ಜಾರಿ ಹೋಗಬೇಕು.

ಅದರ ಕಣ್ಣಿನಿಂದ ನೋಡಿ

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿ ಸುತ್ತಲೂ ಅದು ನೋಡಬಲ್ಲದು. ಕಾಣದಿರುವ ಜಾಗ ಎರಡೇ: ಬಾಲದ ನೇರ ಹಿಂದೆ, ಮತ್ತು ಹಣೆಯ ಎದುರಿಗೆ, ಮೂಗಿನ ಕೆಳಗೆ ಒಂದಿಷ್ಟು. ನಾವು ಪ್ರೀತಿಯಿಂದ ಮೊದಲು ಕೈ ಚಾಚುವುದು ಹಣೆಗೇ! ಬರುವ ಕೈ ಕಟ್ಟಕಡೆಗೆ ಮಾಯವಾಗಿ ಮೈಗೆ ತಾಗಿದರೆ ಯಾರು ತಾನೇ ಬೆಚ್ಚುವುದಿಲ್ಲ?

ಹೆದರಿದಾಗ ಕುದುರೆಗೆ ತೋಚುವುದು ಓಟ. ಓಡಲು ದಾರಿಯಿಲ್ಲವೆಂದು ಕಂಡರೆ ಮಾತ್ರ ಒದೆಯುತ್ತದೆ, ಕಚ್ಚುತ್ತದೆ. ಹಾಗಾಗಿ ಮೂಲೆಗೆ ಒತ್ತರಿಸಿ ಹಿಡಿಯುವುದು ಅತ್ಯಂತ ಕೆಟ್ಟ ಆರಂಭ.

ನಮ್ಮ ಮೈಯನ್ನು ಓದುವುದರಲ್ಲಿ ಕುದುರೆಯನ್ನು ಮೀರಿಸುವವರಿಲ್ಲ. 1900ರ ದಶಕದ ಮೊದಲ ವರ್ಷಗಳಲ್ಲಿ ಬರ್ಲಿನ್‌ನ ಹಾನ್ಸ್ ಎಂಬ ಕುದುರೆಗೆ ಗಣಿತ ಬರುತ್ತದೆಂದು ಜನ ನಂಬಿದ್ದರು. ಕೂಡುವ ಲೆಕ್ಕ ಕೇಳಿದರೆ ಸರಿಯಾಗಿ ಅಷ್ಟೇ ಸಲ ಗೊರಸಿನಿಂದ ನೆಲ ಕುಟ್ಟುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಪರೀಕ್ಷೆ ಮಾಡಿದಾಗ, ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿಲ್ಲ ಎಂಬುದು ಬಯಲಾಯಿತು. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವರ ಮೈಯ ಬಿಗಿ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಸಡಿಲವಾಗುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಹಾನ್ಸ್‌ಗೆ ಗಣಿತ ಬರದಿದ್ದರೂ ಈ ವಿದ್ಯೆ ಬರುತ್ತಿತ್ತು, ನಿಮ್ಮ ಮರಿಗೂ ಬರುತ್ತದೆ. ಸಿಟ್ಟನ್ನೋ ಗಡಿಬಿಡಿಯನ್ನೋ ಹೊತ್ತುಕೊಂಡು ಅಂಗಳಕ್ಕೆ ಹೋದ ದಿನ ನೀವು ಬಾಯಲ್ಲಿ ಏನು ಮುದ್ದು ಮಾಡಿದರೂ ಅದು ನಂಬುವುದಿಲ್ಲ.

ಹತ್ತಿರ ಹೋಗುವ ಬಗೆ

ನೇರ ಎದುರಿನಿಂದಲೂ ಬೇಡ, ಹಿಂದಿನಿಂದಲೂ ಬೇಡ. ಓರೆಯಾಗಿ ಭುಜದ ಕಡೆಗೆ ನಡೆಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಭುಜವನ್ನೋ ನೆಲವನ್ನೋ ನೋಡುತ್ತಾ, ಉಸಿರು ಬಿಡುತ್ತಾ ಹೋಗಿ. ಒಂದು ದೂರದಲ್ಲಿ ಅದರ ತಲೆ ಏಳುತ್ತದೆ, ಕಿವಿ ನಿಮ್ಮತ್ತ ನೆಟ್ಟಗಾಗುತ್ತದೆ, ಅಗಿಯುವುದು ನಿಲ್ಲುತ್ತದೆ. ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ಟರೆ ಅದು ಓಡುವ ಗೆರೆ ಅದು. ನಿಂತು, ಕುದುರೆ ತಲೆ ತಗ್ಗಿಸುವವರೆಗೆ ಕಾಯ್ದು, ನೀವೇ ಎರಡು ಹೆಜ್ಜೆ ಹಿಂದೆ ಸರಿಯಿರಿ. ಮತ್ತೆ ಮುಂದೆ ಹೋಗಿ. ಗೆರೆ ಪ್ರತಿ ಸಲವೂ ಸ್ವಲ್ಪ ಒಳಕ್ಕೆ ಸರಿದಿರುತ್ತದೆ.

ಹಿಂದೆ ಸರಿಯುವುದೇ ಇಲ್ಲಿ ನಿಮ್ಮ ಹಗ್ಗ ಬಿಡುವಿಕೆ. ಕುದುರೆ ಓಡಿದ್ದಕ್ಕೆ ನೀವು ದೂರವಾದರೆ ಓಟವನ್ನು ಕಲಿಸಿದಿರಿ; ನಿಂತಿದ್ದಕ್ಕೆ ದೂರವಾದರೆ ನಿಲ್ಲುವುದನ್ನು ಕಲಿಸಿದಿರಿ. ಇದನ್ನು ಬೇಸರಿಸದೆ ಮಾಡಿದರೆ ಒಂದು ಹಂತದಲ್ಲಿ ಮರಿಯೇ ಕುತೂಹಲದಿಂದ ಹಿಂದೆ ಬರುತ್ತದೆ. ಬಂದಾಗ ಥಟ್ಟನೆ ಹಿಡಿಯಲು ಹೋಗಬೇಡಿ. ಮೂಸಿ ನೋಡಲಿ.

ಮೈ ಮುಟ್ಟಿಸಿಕೊಳ್ಳುವುದು

ಮೊದಲು ಮುಟ್ಟಬೇಕಾದ ಜಾಗ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ದಿಬ್ಬ, ಅಂದರೆ ಹೆಗಲೇರು. ಕುದುರೆಗಳು ತಮ್ಮತಮ್ಮಲ್ಲಿ ಪ್ರೀತಿ ತೋರಿಸುವಾಗ ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿಯೇ. ಆ ಜಾಗದಲ್ಲಿ ಕೆರೆದಾಗ ಕುದುರೆಯ ಎದೆಬಡಿತ ಇಳಿಯುತ್ತದೆ. ತಟ್ಟಬೇಡಿ, ಕೆರೆಯಿರಿ. ಬೆರಳ ತುದಿಯಿಂದ, ತುಸು ಒತ್ತಿ. ಮೇಲ್ದುಟಿ ಉದ್ದವಾಗಿ ಅಲುಗತೊಡಗಿದರೆ ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ.

ಅಲ್ಲಿಂದ ಕುತ್ತಿಗೆ, ಭುಜ, ಬೆನ್ನು, ಪಕ್ಕೆ ಹೀಗೆ ಕೈ ಹರಿಯಲಿ. ಮೈಯ ಮೇಲೆ ಕೂತ ನೊಣ ಗೊತ್ತಾಗುವ ಚರ್ಮವದು, ಹಾಗಾಗಿ ಹಗುರ ಬೆರಳಿನ ಕಚಗುಳಿಗಿಂತ ಅಂಗೈಯ ಸ್ಥಿರ ಸ್ಪರ್ಶ ಅದಕ್ಕೆ ಹಿತ. ಒಂದು ಕಡೆ ಚರ್ಮ ಬಿಗಿಯಾದರೆ ಕೈಯನ್ನು ಸರಕ್ಕನೆ ತೆಗೆಯಬೇಡಿ, ಒತ್ತಾಯದಿಂದ ಮುಂದಕ್ಕೂ ಒಯ್ಯಬೇಡಿ; ಅಲ್ಲೇ ಇಟ್ಟು, ಬಿಗಿ ಸಡಿಲವಾದೊಡನೆ ತೆಗೆದು, ಮತ್ತೆ ಹೆಗಲೇರಿಗೆ ಬನ್ನಿ. ಕಿವಿ, ಹೊಟ್ಟೆಯ ಅಡಿ, ತೊಡೆಸಂದು, ಬಾಲದ ಬುಡ ಈ ನಾಲ್ಕು ಕಡೆ ದಿನಗಳೇ ಹಿಡಿಯಬಹುದು.

ಪ್ರತಿಯೊಂದನ್ನೂ ಎಡಬದಿಯಲ್ಲಿ ಮಾಡಿದ ಮೇಲೆ ಬಲಬದಿಯಲ್ಲೂ ಮೊದಲಿನಿಂದ ಮಾಡಬೇಕು. ಎಡಗಣ್ಣಿಗೆ ಪರಿಚಿತವಾದದ್ದು ಬಲಗಣ್ಣಿನ ಕಡೆಯಿಂದ ಬಂದಾಗ ಕುದುರೆ ಹೊಸದಾಗಿ ಬೆಚ್ಚುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಹಾಲ್ಟರ್ ತೊಡಿಸುವುದು

ಹಾಲ್ಟರನ್ನು ಮೊದಲ ದಿನ ಬರೀ ಮೂಸಲು ಕೊಡಿ, ಅದರಿಂದಲೇ ಹೆಗಲೇರು ಕೆರೆಯಿರಿ. ನಂತರ ಕುದುರೆಯ ಎಡಗಡೆ, ಅದರ ಮುಖ ಯಾವ ಕಡೆಗಿದೆಯೋ ಅದೇ ಕಡೆಗೆ ಮುಖಮಾಡಿ ನಿಂತು, ಬಲಗೈಯನ್ನು ಕುತ್ತಿಗೆಯ ಮೇಲಿನಿಂದ ಆಚೆ ಇಳಿಸಿ. ಮೂಗಿನ ಪಟ್ಟಿಯ ಕುಣಿಕೆಯನ್ನು ಮೂತಿಯ ಮುಂದೆ ತೆರೆದು ಹಿಡಿಯಿರಿ. ಮೂಗನ್ನು ನೀವು ಕುಣಿಕೆಯೊಳಗೆ ತುರುಕುವುದಕ್ಕಿಂತ ಕುದುರೆಯೇ ಮೂಗಿಡುವಂತೆ ಕಾಯುವುದು ಒಂದು ವಾರದ ಜಗಳವನ್ನು ಉಳಿಸುತ್ತದೆ.

ಮೂಗಿನ ಪಟ್ಟಿ ಕೆನ್ನೆಯ ಮೂಳೆ ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಇರಬೇಕು. ಇನ್ನೂ ಕೆಳಗಿಳಿದರೆ ಮೂಗಿನ ಮೆದುಮೂಳೆಯ ಮೇಲೆ ಕೂರುತ್ತದೆ, ಉಸಿರಿಗೆ ತೊಂದರೆ. ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಾಠ ಮುಗಿದ ಮೇಲೆ ಬಿಚ್ಚಿಬಿಡಿ. ಮೇಯಲು ಬಿಟ್ಟ ಮರಿಯ ತಲೆಯಲ್ಲಿ ನೈಲಾನ್ ಹಾಲ್ಟರ್ ಇದ್ದರೆ, ಅದು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವಾಗ ಗೊರಸು ಸಿಕ್ಕಿಬಿದ್ದು ಕುತ್ತಿಗೆಗೆ ಅಪಾಯ.

ಒತ್ತಡಕ್ಕೆ ಮಣಿಯುವುದು

ನೆಲದ ಪಾಠದ ತಿರುಳು ಇದು. ಇಲ್ಲಿ ಎಷ್ಟು ದಿನ ಹೋದರೂ ಚಿಂತೆಯಿಲ್ಲ.

ಯಾವುದೇ ಒತ್ತಡ ಬಿದ್ದರೆ ಅದರ ವಿರುದ್ಧ ಒರಗುವುದು ಕುದುರೆಯ ಹುಟ್ಟುಗುಣ. ತಲೆಯನ್ನು ಮುಂದಕ್ಕೆಳೆದರೆ ಹಿಂದಕ್ಕೆ ಜಗ್ಗುತ್ತದೆ, ಪಕ್ಕೆ ತಳ್ಳಿದರೆ ನಿಮ್ಮ ಮೇಲೆಯೇ ವಾಲುತ್ತದೆ. ಶಕ್ತಿಯಲ್ಲಿ ಅದರೊಡನೆ ಪೈಪೋಟಿ ಸಾಧ್ಯವಿಲ್ಲ. 2 ವರ್ಷದ ಕುದುರೆಯೇ 350 ಕಿಲೋ ದಾಟಬಹುದು. ತನ್ನ ಬಲ ಅದಕ್ಕೆ ತಿಳಿಯುವ ಮೊದಲೇ, ಮಣಿದರೆ ಹಾಯಾಗಿರುತ್ತದೆ ಎಂಬುದು ಅದಕ್ಕೆ ತಿಳಿದಿರಬೇಕು.

ಭುಜದ ಪಕ್ಕ ನಿಂತು, ಹಗ್ಗವನ್ನು ಹಾಲ್ಟರಿನಿಂದ ಒಂದು ಗೇಣು ದೂರ ಹಿಡಿದು, ನಿಮ್ಮ ಕಡೆಗೆ ಪಕ್ಕಕ್ಕೆ ಒಂದು ಲೋಟ ನೀರಿನ ಭಾರದಷ್ಟು ಮಾತ್ರ ಎಳೆತ ಹಾಕಿ. ಹಾಕಿದ ಎಳೆತವನ್ನು ಅಲ್ಲೇ ನಿಲ್ಲಿಸಿ. ಹೆಚ್ಚಿಸಬೇಡಿ, ಜರ್ಕ್ ಕೊಡಬೇಡಿ, ಬಿಡಲೂ ಬೇಡಿ. ಕುದುರೆ ತಲೆ ಎತ್ತುತ್ತದೆ, ಆಚೆಗೆ ಎಳೆಯುತ್ತದೆ, ನಿಂತು ಯೋಚಿಸುತ್ತದೆ. ನಿಮ್ಮ ಕೈ ಅದರ ಜೊತೆ ಹೋಗುತ್ತಾ ಅಷ್ಟೇ ಬಿಗಿಯಲ್ಲಿರಲಿ. ಹುಡುಕುತ್ತಾ ಹುಡುಕುತ್ತಾ ಒಂದು ಸಲ ಮೂಗು ನಿಮ್ಮತ್ತ ಒಂದಂಗುಲ ಬರುತ್ತದೆ. ಆ ಒಂದಂಗುಲಕ್ಕೆ ಹಗ್ಗವನ್ನು ಪೂರ್ತಿ ಸಡಿಲ ಬಿಡಿ. ಅರ್ಧ ಬಿಡುವುದಲ್ಲ, ಪೂರ್ತಿ. ಹೆಗಲೇರು ಕೆರೆದು ಹತ್ತು ಸೆಕೆಂಡು ಸುಮ್ಮನಿರಿ.

ಎಲ್ಲರೂ ತಪ್ಪುವುದು ಇಲ್ಲಿಯೇ. ಒಂದಂಗುಲ ಬಂತಲ್ಲ, ಇನ್ನಷ್ಟು ಬರಲಿ ಎಂದು ಎಳೆತ ಮುಂದುವರಿಸುತ್ತಾರೆ. ಕುದುರೆಗೆ ಆಗ ಅರ್ಥವಾಗುವುದು ಇಷ್ಟೇ: ಮಣಿದರೂ ಬಿಡುಗಡೆ ಇಲ್ಲ. ನಾಳೆ ಅದು ಬೇರೆ ಉತ್ತರ ಹುಡುಕುತ್ತದೆ, ಆ ಉತ್ತರ ಮುಂಗಾಲೆತ್ತುವುದೂ ಆಗಿರಬಹುದು. ಚಿಕ್ಕ ಪ್ರಯತ್ನಕ್ಕೆ ದೊಡ್ಡ ಬಿಡುಗಡೆ ಕೊಟ್ಟರೆ ಐದಾರನೇ ಸಲಕ್ಕೆ ಲೋಟದ ನೀರಿನ ಭಾರವೂ ಬೇಡ, ಹಗ್ಗ ಮಿಸುಕಿದರೆ ಸಾಕು ಎಂಬ ಹಂತ ಬರುತ್ತದೆ.

ಪಕ್ಕಕ್ಕೆ ಬಂದ ಮೇಲೆ ಕೆಳಕ್ಕೆ. ಹಗ್ಗವನ್ನು ಕೆಳಮುಖವಾಗಿ ಹಗುರವಾಗಿ ಹಿಡಿಯಿರಿ, ನೆತ್ತಿಯ ಮೇಲಿನ ಪಟ್ಟಿ ಒತ್ತುತ್ತದೆ. ತಲೆ ಕೊಂಚ ಇಳಿದೊಡನೆ ಬಿಡಿ. ಇದನ್ನು ಚೆನ್ನಾಗಿ ಕಲಿಸಿ, ಏಕೆಂದರೆ ಮುಂದೆ ಕಂಬಕ್ಕೆ ಕಟ್ಟಿದಾಗ ಜೀವ ಉಳಿಸುವುದು ಈ ಪಾಠವೇ.

ಜೊತೆಯಲ್ಲಿ ನಡೆಯುವುದು

ಮುಂದೆ ನಿಂತು ಎಳೆದರೆ ಮರಿ ನಾಲ್ಕು ಕಾಲೂರಿ ಮರವಾಗುತ್ತದೆ. ಹೆಗಲ ಪಕ್ಕದಲ್ಲಿ ನಿಂತು, ಮುಂದೆ ನೋಡಿ, ನೀವು ನಡೆಯಲು ಉಸಿರೆಳೆದುಕೊಳ್ಳಿ. ಆಮೇಲೆ ನಾಲಿಗೆಯಿಂದ ಲೊಚಗುಟ್ಟಿ. ಆಮೇಲೆ ಹಗ್ಗದ ಹಗುರ ಎಳೆತ. ಈ ಕ್ರಮ ಎಂದೂ ಬದಲಾಗದಿರಲಿ. ಕೆಲವೇ ದಿನಗಳಲ್ಲಿ ಮೊದಲ ಸನ್ನೆಗೇ ಹೊರಡುತ್ತದೆ. ಹೊರಡದೆ ನಿಂತರೆ ತಲೆಯನ್ನು ಪಕ್ಕಕ್ಕೆ ತಂದು ಒಂದು ಕಾಲು ಅಲುಗುವಂತೆ ಮಾಡಿ. ಒಂದು ಕಾಲು ಅಲುಗಿದರೆ ಹಗ್ಗ ಬಿಡಿ, ಅದೂ ನಡಿಗೆಯೇ.

ನಿಲ್ಲಿಸುವಾಗಲೂ ಮೊದಲು ನಿಮ್ಮ ಮೈ ನಿಲ್ಲಲಿ, ಆಮೇಲೆ ಮಾತು, ಕೊನೆಗೆ ಹಗ್ಗ. ಹತ್ತು ಹೆಜ್ಜೆ ನಡೆದು ನಿಲ್ಲಿ, ಮತ್ತೆ ಆರು, ಮತ್ತೆ ಹದಿನೈದು. ಹಗ್ಗ ಸದಾ ಕೆಳಗೆ ಜೋತು ನಗುಬಾಯಿಯ ಆಕಾರದಲ್ಲಿರಬೇಕು. ಬಿಗಿಯಾಗಿ ಮೂತಿಯ ಬುಡದಲ್ಲೇ ಹಿಡಿದುಕೊಂಡು ನಡೆಸಿದ ಕುದುರೆ ನಡೆಯುವುದನ್ನು ಕಲಿತಿಲ್ಲ, ಹಿಡಿಸಿಕೊಳ್ಳುವುದನ್ನು ಕಲಿತಿದೆ.

ಹಿಂದೆ ಸರಿಯುವುದು, ಜಾಗ ಕೊಡುವುದು

ಮರಿಯಿದ್ದಾಗ ಎದೆಗೆ ತಲೆ ಉಜ್ಜಿದರೆ ಮುದ್ದು ಅನ್ನಿಸುತ್ತದೆ. ಅದೇ ಪ್ರಾಣಿ 500 ಕಿಲೋ ಆದಾಗ ಪಕ್ಕೆಲುಬು ಮುರಿಯುತ್ತದೆ. ತೋಳು ಚಾಚಿದಷ್ಟು ಜಾಗ ನಿಮ್ಮದು, ಕರೆದರೆ ಮಾತ್ರ ಅದರೊಳಗೆ ಪ್ರವೇಶ ಎಂಬುದನ್ನು ಮೊದಲ ವಾರದಿಂದಲೇ ತಿಳಿಸಿ.

ಎದುರಿಗೆ ತುಸು ಓರೆಯಾಗಿ ನಿಂತು ಹಗ್ಗವನ್ನು ಅತ್ತಿತ್ತ ಮೆಲ್ಲಗೆ ಅಲುಗಾಡಿಸಿ. ಉತ್ತರ ಬರದಿದ್ದರೆ ಅಲುಗಾಟವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸಿ. ಒಂದು ಗೊರಸು ಹಿಂದೆ ಹೋದೊಡನೆ ಕೈ ನಿಶ್ಚಲ. ಇಲ್ಲವೇ ಎದೆಯ ನಡುವೆ ಬೆರಳೊತ್ತಿ, ಭಾರ ಹಿಂದಕ್ಕೆ ವಾಲಿದೊಡನೆ ತೆಗೆಯಬಹುದು. ಮೊದಲ ದಿನ ಎರಡು ಹೆಜ್ಜೆ ಸಾಕು.

ಕೈಯಿಂದ ತಿನಿಸು ಕೊಡುವ ಬಗ್ಗೆ ಒಂದು ಮಾತು. ತಿನಿಸಿನಿಂದ ಕುದುರೆ ಬೇಗ ಕಲಿಯುತ್ತದೆ, ಅನುಮಾನವಿಲ್ಲ. ಆದರೆ ಜೇಬು ಮೂಸಿದಾಗ ಕೊಟ್ಟರೆ ಕಚ್ಚುವುದನ್ನು ಕಲಿಸುತ್ತೀರಿ. ಮುಖವನ್ನು ಆಚೆ ತಿರುಗಿಸಿ ಸುಮ್ಮನೆ ನಿಂತಾಗ ಮಾತ್ರ, ಚಪ್ಪಟೆ ಅಂಗೈಯಲ್ಲಿ, ಅದರ ಮೂತಿ ಇರುವಲ್ಲಿಗೇ ಒಯ್ದು ಕೊಡಿ. ಇಷ್ಟು ಶಿಸ್ತು ಪಾಲಿಸಲಾಗದವರು ಕೆರೆಯುವುದನ್ನೇ ಬಹುಮಾನವಾಗಿ ಇಟ್ಟುಕೊಳ್ಳುವುದು ಮೇಲು.

ಹಿಂಭಾಗ ಮತ್ತು ಹೆಗಲನ್ನು ಸರಿಸುವುದು

ಕುದುರೆಯ ಎಂಜಿನ್ ಹಿಂಗಾಲುಗಳಲ್ಲಿದೆ. ಹಿಂಭಾಗವನ್ನು ಪಕ್ಕಕ್ಕೆ ಹೆಜ್ಜೆಯಿಡುವಂತೆ ಮಾಡಿದರೆ ನೇರ ಓಟದ ಬಲ ಕಡಿಮೆಯಾಗುತ್ತದೆ. ಬೆದರಿದ ಕುದುರೆಯನ್ನು ನಿಲ್ಲಿಸಲು ಇದೇ ಉಪಾಯ. ತಲೆಯನ್ನು ನಿಮ್ಮ ಕಡೆ ಕೊಂಚ ತಿರುಗಿಸಿ ಹಿಡಿದು, ಅದರ ತೊಡೆಯತ್ತ ನೋಡುತ್ತಾ ಒಂದು ಹೆಜ್ಜೆ ಇಡಿ. ಸರಿಯದಿದ್ದರೆ ಕೋಲಿನ ತುದಿಯನ್ನು ಆ ಕಡೆ ಆಡಿಸಿ, ಆಮೇಲೂ ಸರಿಯದಿದ್ದರೆ ಮೆಲ್ಲಗೆ ತಾಗಿಸಿ. ಹತ್ತಿರದ ಹಿಂಗಾಲು ಇನ್ನೊಂದರ ಮುಂದಿನಿಂದ ದಾಟಿ ಹೆಜ್ಜೆಯಿಟ್ಟರೆ ಸರಿಯಾಯಿತು.

ಹೆಗಲನ್ನು ಆಚೆ ಸರಿಸುವುದು ಇದಕ್ಕಿಂತ ಕಷ್ಟ, ಏಕೆಂದರೆ ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲಿರುತ್ತದೆ. ಹಿಂದೆ ಸರಿಸಿ ಭಾರ ಹಿಂಗಾಲಿಗೆ ಹೋದ ಗಳಿಗೆಯಲ್ಲಿ ಕೆನ್ನೆ ಮತ್ತು ಭುಜದ ಕಡೆ ಕೈ ತೋರಿಸಿದರೆ ಸುಲಭವಾಗುತ್ತದೆ.

ಗೊರಸು ಕೊಡುವುದು

ಓಡಿಯೇ ಬದುಕಿದ ಪ್ರಾಣಿಯ ಕಾಲನ್ನು ಕೇಳುತ್ತಿದ್ದೀರಿ. ಅದು ಕೊಡುವುದು ದೊಡ್ಡ ನಂಬಿಕೆ, ಹಾಗೆಂದೇ ಇಲ್ಲಿ ಅವಸರ ಸಲ್ಲ.

ಮೂರು ಕಾಲಿನ ಮೇಲೆ ನಿಲ್ಲುವುದು ಎಳೆಯ ಕುದುರೆಗೆ ಸಮತೋಲನದ ಸಮಸ್ಯೆಯೂ ಹೌದು. ಮೊದಲು ಅದು ನಾಲ್ಕೂ ಕಾಲಿನ ಮೇಲೆ ಸಮವಾಗಿ ನಿಂತಿದೆಯೇ ನೋಡಿ. ಮುಂಗಾಲಿನಿಂದ ಶುರು. ಭುಜದ ಪಕ್ಕ, ಬಾಲದ ಕಡೆ ಮುಖಮಾಡಿ ನಿಂತು ಕೈಯನ್ನು ಭುಜದಿಂದ ಗೊರಸಿನ ಮೇಲಿನ ಗಂಟಿನವರೆಗೆ ಇಳಿಸಿ, ಮತ್ತೆ ಏರಿಸಿ. ಎರಡು ದಿನ ಇಷ್ಟೇ. ಆಮೇಲೆ ಕಾಲಿನ ಹಿಂಭಾಗದ ಸ್ನಾಯುರಜ್ಜುವನ್ನು ಬೆರಳಿನಿಂದ ಮೆಲ್ಲಗೆ ಅದುಮಿ, ನಿಮ್ಮ ಭುಜದಿಂದ ಅದರ ಭುಜವನ್ನು ತುಸು ತಳ್ಳಿ ಭಾರ ಆಚೆ ಕಾಲಿಗೆ ಹೋಗುವಂತೆ ಮಾಡಿ. ಹಿಮ್ಮಡಿ ಎದ್ದರೂ ಸಾಕು, ಅದುಮುವುದನ್ನು ಬಿಡಿ. ಎತ್ತಿದ ಕಾಲನ್ನು ಮೊದಲು ಒಂದು ಸೆಕೆಂಡು, ಮರುದಿನ ಮೂರು, ಆಮೇಲೆ ಹತ್ತು ಸೆಕೆಂಡು ಹಿಡಿಯಿರಿ. ಕುದುರೆ ಕಸಿದುಕೊಳ್ಳುವ ಮೊದಲೇ ನೀವು ಕೆಳಗಿಡಿ. ಇಡಿ ಎಂದರೆ ಇಡಿ, ಬೀಳಿಸಬೇಡಿ. ಕಸಿದುಕೊಂಡರೆ ಸಾಧ್ಯವಾದಷ್ಟು ಅದರ ಜೊತೆ ಕೈ ಹೋಗಲಿ, ಅದು ಒಂದು ಕ್ಷಣ ಸಡಿಲವಾದಾಗ ಇಳಿಸಿ. ಅಪಾಯ ಕಂಡರೆ ಬಿಟ್ಟುಬಿಡಿ, ಮುಂದಿನ ಸಲ ಕಡಿಮೆ ಹೊತ್ತು ಹಿಡಿಯಿರಿ.

ಹಿಂಗಾಲಿಗೆ ಮೊದಲು ಕೋಲಿನ ತುದಿಗೆ ಬಟ್ಟೆ ಸುತ್ತಿ ಸವರಿ. ಒದ್ದರೆ ಕೋಲಿಗೆ ಬೀಳಲಿ. ಅದು ನಿಂತ ಮೇಲೆಯೇ ಕೈ. ಕುದುರೆಯ ಹಿಂಗಾಲು ಹಿಂದಕ್ಕೆ ಮಾತ್ರವಲ್ಲ, ಮುಂದಕ್ಕೆ ಬಾಗಿ ಪಕ್ಕಕ್ಕೂ ಒದೆಯಬಲ್ಲದು. ಹಾಗಾಗಿ ಒಂದೋ ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲಿ, ಇಲ್ಲವೇ ಮೂರು ಮೀಟರ್ ದೂರವಿರಿ. ನಡುವಿನ ದೂರದಲ್ಲಿಯೇ ಹೊಡೆತ ಜೋರು. ನೆಲದಲ್ಲಿ ಮಂಡಿಯೂರಿ ಕೂರಬೇಡಿ. ಬಾಗಿ, ಥಟ್ಟನೆ ಏಳುವಂತಿರಿ.

ನಾಲ್ಕೂ ಗೊರಸನ್ನು ಶಾಂತವಾಗಿ ಕೊಡುವಂತಾದ ಮೇಲೆ ಅಡಿಯನ್ನು ಕೈಯಿಂದ ತಟ್ಟಿ ಸದ್ದಿಗೆ ಒಗ್ಗಿಸಿ. ಲಾಳ ಕಟ್ಟುವವರು ಬಂದ ದಿನವೇ ಇದೆಲ್ಲ ಮೊದಲ ಸಲ ಆಗುವುದು ಕುದುರೆಗೂ ಅವರಿಗೂ ಅನ್ಯಾಯ.

ಕಟ್ಟುವುದು

ನಾನು ಬೆಳೆಸಿದ ಮೊದಲ ಗಂಡುಮರಿಯನ್ನು ತಲೆ ಇಳಿಸುವ ಪಾಠ ಮುಗಿಸದೆ ಕಟ್ಟಿದ್ದೆ. ಮರದ ಕೊಂಬೆ ಮುರಿದ ಸದ್ದಿಗೆ ಅದು ಹಿಂದಕ್ಕೆ ಜಗ್ಗಿತು. ಹಗ್ಗ ಬಿಗಿದಷ್ಟೂ ಭಯ, ಭಯವಾದಷ್ಟೂ ಜಗ್ಗುವುದು. ಹಾಲ್ಟರಿನ ಕೊಂಡಿ ಕಿತ್ತು ಹಿಂದಕ್ಕೆ ಬಿತ್ತು. ಗಾಯ ಬೇಗ ವಾಸಿಯಾಯಿತು. ಕಟ್ಟಿದರೆ ಜಗ್ಗುವ ಗುಣ ಹೋಗಲು ಒಂದು ವರ್ಷ ಹಿಡಿಯಿತು. ಆ ತಪ್ಪು ನನ್ನದು, ಅದರ ಬೆಲೆ ತೆತ್ತದ್ದು ಮರಿ.

ಹಗ್ಗದ ಹಗುರ ಸೆಳೆತಕ್ಕೆ ಮುಂದೆ ಬರುವುದು, ತಲೆ ಇಳಿಸುವುದು ಇವೆರಡೂ ಪಕ್ಕಾ ಆದ ಮೇಲೆ, ಹಗ್ಗವನ್ನು ಗಟ್ಟಿ ಕಂಬದ ಬಳೆಯೊಳಗಿಂದ ತೂರಿಸಿ ತುದಿಯನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಕುದುರೆ ಹಿಂದೆ ಸರಿದರೆ ಹಗ್ಗ ತುಸು ತಡೆಯುತ್ತಾ ಜಾರಲಿ. ಮತ್ತೆ ಮುಂದೆ ಬಂದಾಗ ಸಡಿಲ. ಈ ಹಂತದಲ್ಲಿ ಒಂದೆರಡು ವಾರ ಕಳೆಯಿರಿ. ನಿಜವಾಗಿ ಕಟ್ಟುವಾಗ ಗಂಟು ಹೆಗಲೇರಿನ ಎತ್ತರದಲ್ಲಿ ಅಥವಾ ಅದಕ್ಕಿಂತ ಮೇಲಿರಲಿ, ಹಗ್ಗ ತೋಳಿನಷ್ಟು ಉದ್ದವಿರಲಿ. ಕೆಳಗೆ ಉದ್ದವಾಗಿ ಕಟ್ಟಿದರೆ ಕಾಲು ದಾಟುತ್ತದೆ. ತುದಿ ಎಳೆದರೆ ಬಿಚ್ಚುವ ಗಂಟನ್ನೇ ಹಾಕಿ, ಚಾಕು ಕೈಗೆಟುಕುವಂತಿರಲಿ. ಗೇಟಿಗೆ, ಸಡಿಲ ಅಡ್ಡಪಟ್ಟಿಗೆ, ನಿಂತ ವಾಹನದ ಬಾಗಿಲಿಗೆ ಕಟ್ಟಬೇಡಿ. ಮೊದಲ ತಿಂಗಳುಗಳಲ್ಲಿ ಕಟ್ಟಿದ ಕುದುರೆಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ.

ಹೊಸ ವಸ್ತುಗಳ ಭಯ

ಪ್ಲಾಸ್ಟಿಕ್ ಚೀಲ, ಕೊಡೆ, ಟಾರ್ಪಾಲು, ನೀರಿನ ಪೈಪು, ಸಿಂಪಡಿಸುವ ಬಾಟಲಿ. ಒಂದೊಂದನ್ನೂ ಒಂದೊಂದು ದಿನ. ವಸ್ತುವನ್ನು ಹಿಡಿದು ನೀವು ಮುಂದೆ ನಡೆಯಿರಿ, ಕುದುರೆ ಹಿಂದೆ ಬರಲಿ. ತನ್ನಿಂದ ದೂರ ಹೋಗುವ ವಸ್ತುವಿಗೆ ಅದು ಹೆದರುವುದಿಲ್ಲ, ಬೆನ್ನಟ್ಟಿ ಮೂಸುತ್ತದೆ. ಆಮೇಲೆ ಹತ್ತಿರ ತನ್ನಿ, ನಿಶ್ಚಲವಾಗಿ ನಿಂತೊಡನೆ ದೂರ ಒಯ್ಯಿರಿ.

ಕಟ್ಟಿಹಾಕಿ, ಚೀಲವನ್ನು ಮೈಮೇಲೆ ಬಡಿಯುತ್ತಾ ಸುಮ್ಮನಾಗುವವರೆಗೆ ಬಿಡದಿರುವ ರೂಢಿ ಕೆಲವರಲ್ಲಿದೆ. ಕುದುರೆ ಕೊನೆಗೆ ನಿಲ್ಲುತ್ತದೆ ನಿಜ, ಭಯ ಹೋಗಿ ಅಲ್ಲ, ಆಸೆ ಬಿಟ್ಟು. ಕಣ್ಣು ಮಬ್ಬಾಗಿ, ಬಾಯಿ ಬಿಗಿದು, ಕಲ್ಲಿನಂತೆ ನಿಂತ ಕುದುರೆ ಶಾಂತವಾಗಿದೆ ಎಂದುಕೊಳ್ಳಬೇಡಿ. ಶಾಂತ ಕುದುರೆಯ ಕುತ್ತಿಗೆ ಇಳಿದಿರುತ್ತದೆ, ಕಿವಿ ಅತ್ತಿತ್ತ ಆಡುತ್ತಿರುತ್ತದೆ, ಒಂದು ಹಿಂಗಾಲು ಸಡಿಲವಾಗಿ ವಿಶ್ರಾಂತಿಯಲ್ಲಿರುತ್ತದೆ.

ಸುತ್ತು ನಡೆಸುವ ವಿಚಾರ

ಉದ್ದ ಹಗ್ಗದಲ್ಲಿ ಸುತ್ತು ಓಡಿಸುವುದನ್ನೇ ಹಲವರು ನೆಲದ ಪಾಠವೆಂದು ತಿಳಿದಿದ್ದಾರೆ. 3 ವರ್ಷ ತುಂಬುವ ಮೊದಲು ನಾನು ಅದನ್ನು ಒಪ್ಪುವುದಿಲ್ಲ. ಸುತ್ತಿನ ಒಳಗಿನ ಕಾಲುಗಳ ಕೀಲುಗಳ ಮೇಲೆ ಓರೆ ಭಾರ ಬೀಳುತ್ತದೆ. ಆಮೇಲೂ 18 ಮೀಟರ್ ಅಗಲಕ್ಕಿಂತ ಸಣ್ಣ ಸುತ್ತು ಬೇಡ. ಐದಾರು ನಿಮಿಷ, ಹೆಚ್ಚಾಗಿ ನಡಿಗೆ, ಎರಡೂ ದಿಕ್ಕಿಗೆ. ದಣಿಸಿ ಬಗ್ಗಿಸುತ್ತೇನೆ ಎಂದುಕೊಂಡವರು ಪ್ರತಿವಾರ ಹೆಚ್ಚು ದಮ್ಮಿನ ಕುದುರೆಯನ್ನು ತಯಾರು ಮಾಡುತ್ತಿರುತ್ತಾರೆ.

ಎಷ್ಟು ಹೊತ್ತು, ಎಲ್ಲಿಗೆ ನಿಲ್ಲಿಸುವುದು

ದಿನಕ್ಕೆ 10ರಿಂದ 15 ನಿಮಿಷ. ಒಂದು ದಿನಕ್ಕೆ ಒಂದೇ ಹೊಸ ವಿಷಯ. ಒಳ್ಳೆಯ ಉತ್ತರ ಐದನೇ ನಿಮಿಷಕ್ಕೇ ಬಂದರೆ ಐದನೇ ನಿಮಿಷಕ್ಕೇ ಹಾಲ್ಟರ್ ಬಿಚ್ಚಿ. ಬಹುಮಾನಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು.

ಎಲ್ಲವೂ ಕೆಡುವ ದಿನಗಳೂ ಬರುತ್ತವೆ. ನಿನ್ನೆ ಗೊತ್ತಿದ್ದದ್ದು ಇವತ್ತು ಗೊತ್ತಿಲ್ಲದಂತೆ ಮರಿ ನಿಲ್ಲುತ್ತದೆ. ಅಂಥ ದಿನ ಮೂರು ಪಾಠ ಹಿಂದಕ್ಕೆ ಹೋಗಿ, ಖಂಡಿತ ಬರುವ ಒಂದನ್ನು ಕೇಳಿ, ಕೊಟ್ಟೊಡನೆ ಬಿಟ್ಟುಬಿಡಿ. ನಿಮ್ಮ ಧ್ವನಿ ಏರಿತೆಂದು ಅನ್ನಿಸಿದರೆ ಹಗ್ಗ ಕೆಳಗಿಟ್ಟು ಹೊರಗೆ ಬನ್ನಿ. ಎರಡು ಮೂರು ದಿನ ಹೀಗೆಯೇ ಆದರೆ ಹಠವೆಂದು ತಿಳಿಯದೆ ನೋವು ಹುಡುಕಿ: ಗೊರಸು, ಹಲ್ಲು, ಬೆನ್ನು, ಹೊಟ್ಟೆ. ಮುಂಗಾಲೆತ್ತಿ ನಿಲ್ಲುವುದು, ಮೈಮೇಲೆ ನುಗ್ಗುವುದು ಶುರುವಾದರೆ ಒಬ್ಬರೇ ಸೆಣಸಬೇಡಿ, ಅನುಭವಿ ತರಬೇತುದಾರರನ್ನು ಕರೆಯಿರಿ.

ಸಡಿಲ ಹಗ್ಗದಲ್ಲಿ ಟಾರ್ಪಾಲಿನ ಪಕ್ಕ ನಡೆಯುತ್ತದೆ, ನೀವು ನಿಂತರೆ ನಿಲ್ಲುತ್ತದೆ, ಬೆರಳು ತೋರಿಸಿದರೆ ಹಿಂಭಾಗ ಸರಿಸುತ್ತದೆ, ನಾಲ್ಕೂ ಗೊರಸು ಕೊಡುತ್ತದೆ, ಕಟ್ಟಿದಲ್ಲಿ ಇಪ್ಪತ್ತು ನಿಮಿಷ ಒಂದು ಕಾಲು ಸಡಿಲಿಸಿ ತೂಕಡಿಸುತ್ತದೆ. ಎರಡೂ ಬದಿಯಿಂದ, ಬೇರೆ ಬೇರೆ ಜಾಗಗಳಲ್ಲಿ, ನಿಮ್ಮ ಬದಲು ಇನ್ನೊಬ್ಬರು ಹಗ್ಗ ಹಿಡಿದಾಗಲೂ ಇಷ್ಟಾದರೆ, ಒಂದು ಬೆಳಿಗ್ಗೆ ಮಡಿಸಿದ ಕಂಬಳಿಯೊಂದನ್ನು ಮೂಸಲು ಕೊಟ್ಟು, ಅದರಿಂದ ಹೆಗಲೇರು ಕೆರೆದು, ಮೆಲ್ಲಗೆ ಬೆನ್ನಿನ ಮೇಲಿಡಿ. ಕಿವಿ ಹಿಂದೆ ತಿರುಗುತ್ತದೆ. ಕುತ್ತಿಗೆ ಇಳಿದೊಡನೆ ಕಂಬಳಿ ತೆಗೆಯಿರಿ.